ಶೇರ್ಡ್ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್ ಬ್ಲಾಗು ಯಾಕೆ ತೆವಳತ್ತೆ, ಎಲ್ಲಿಂದ ಸರಿ ಮಾಡ್ಕೊಂಡು ಬರ್ಬೇಕು

ಬ್ಲಾಗ್ ಸ್ಲೋ ಆಗಿದೆ ಅಂತ ಯಾರೋ ಒಬ್ರು ಹೇಳಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ಮಾಡೋ ಮೊದಲ ಕೆಲಸ ಅಂದ್ರೆ ಮೂರ್ನಾಲ್ಕು ಸ್ಪೀಡ್ ಪ್ಲಗಿನ್ ತಂದು ಹಾಕೋದು, ಕ್ಯಾಶಿಗೊಂದು (ಒಂದ್ಸಲ ಕಟ್ಟಿದ ಪುಟ ಎತ್ತಿಟ್ಕೊಂಡು ಮತ್ತೆ ಕೊಡೋದು), ಫೋಟೋಗೊಂದು, ಡೇಟಾಬೇಸ್ ಕ್ಲೀನ್ ಮಾಡೋಕೊಂದು, ಇನ್ನೊಂದು ಯಾತಕ್ಕೆ ಅಂತ ಹಾಕಿದವರಿಗೇ ಗೊತ್ತಿರಲ್ಲ. ವಾರ ಬಿಟ್ಟು ನೋಡಿದ್ರೆ ಸೈಟು ಇನ್ನೂ ಒಂಚೂರು ನಿಧಾನ ಆಗಿರತ್ತೆ. ಟೈಮು ಎಲ್ಲಿ ಹೋಗ್ತಿದೆ ಅಂತಾನೇ ನೋಡದೆ ಔಷಧಿ ಕೊಟ್ರೆ ಇನ್ನೇನಾಗತ್ತೆ.

ನಿಧಾನದಲ್ಲಿ ಎರಡು ಜಾತಿ ಇದೆ. ಓದುಗ ಲಿಂಕ್ ಒತ್ತಿದ ಮೇಲೆ ಸರ್ವರ್ ಉತ್ತರ ಕೊಡೋಕೇ ತಡ ಮಾಡೋದು ಒಂದು, ಆಗ ಬ್ರೌಸರ್ ಬಿಳಿ ಸ್ಕ್ರೀನ್ ತೋರಿಸ್ಕೊಂಡು ಸುಮ್ನೆ ಕೂತಿರತ್ತೆ. ಉತ್ತರ ಬೇಗ ಬಂದ್ರೂ ಅದರಲ್ಲಿರೋ ಫೋಟೋ, ಫಾಂಟು, ಸ್ಕ್ರಿಪ್ಟು ಎಲ್ಲಾ ಇಳಿಸ್ಕೊಂಡು ಪುಟ ಜೋಡಿಸೋಕೆ ಫೋನು ಒದ್ದಾಡೋದು ಇನ್ನೊಂದು. ಎರಡನೇದರ ಬಗ್ಗೆ ಎಲ್ಲಾ ಕಡೆ ಬರೀತಾರೆ, ಆದ್ರೆ ಶೇರ್ಡ್ ಹೋಸ್ಟಿಂಗಲ್ಲಿರೋ ಬ್ಲಾಗಿಗೆ ಮುಖ್ಯವಾಗಿ ಕಾಡೋದು ಮೊದಲನೇದು.

ಶೇರ್ಡ್ ಹೋಸ್ಟಿಂಗ್ ಅಂದ್ರೆ ವಠಾರದ ಮನೆ ಅಂದ್ಕೊಳಿ, ಬಾಗಿಲು ಬೇರೆ ಬೇರೆ ಆದ್ರೂ ನಲ್ಲಿ ಒಂದೇ. ಒಂದು ದೊಡ್ಡ ಸರ್ವರ್ ಮೇಲೆ ನೂರಾರು ಅಕೌಂಟ್ ಕೂರಿಸಿರ್ತಾರೆ, ಒಬ್ಬರೇ ಎಲ್ಲಾ ಎಳ್ಕೊಂಡು ಪಕ್ಕದವರಿಗೆ ಇಲ್ಲದಂಗೆ ಆಗಬಾರ್ದು ಅಂತ ಸುಮಾರು ಕಂಪನಿಗಳು ಕ್ಲೌಡ್‌ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿ ಪ್ರತಿ ಅಕೌಂಟಿಗೂ ಮಿತಿ ಕಟ್ಟಿರ್ತಾರೆ: ಸಿಪಿಯು ಇಷ್ಟು, ಮೆಮೊರಿ ಇಷ್ಟು, ಡಿಸ್ಕಿಂದ ಓದೋ ಸ್ಪೀಡ್ ಇಷ್ಟು, ಒಂದೇ ಸಲಕ್ಕೆ ಇಷ್ಟು ಪ್ರೋಸೆಸ್ ಅಂತ. ಜಾಹೀರಾತಲ್ಲಿ ಅನ್‌ಲಿಮಿಟೆಡ್ ಅಂತ ದಪ್ಪಕ್ಷರದಲ್ಲಿ ಹಾಕಿರೋದು ಡಿಸ್ಕಿಗೆ, ಬ್ಯಾಂಡ್‌ವಿಡ್ತ್‌ಗೆ. ಸಿಪಿಯು ಅನ್‌ಲಿಮಿಟೆಡ್ ಅಂತ ಯಾರೂ ಬರೆಯಲ್ಲ, ಮತ್ತೆ ವರ್ಡ್‌ಪ್ರೆಸ್‌ಗೆ ಬೇಕಾಗಿರೋದು ಅದೇ!

ಯಾಕೆ ಬೇಕು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ವರ್ಡ್‌ಪ್ರೆಸ್ ಹುಟ್ಟಿದ್ದು 2003ರಲ್ಲಿ, ಅವತ್ತಿಂದ ಇವತ್ತಿನ ತನಕ ಅದರ ಮೂಲ ರೀತಿ ಬದಲಾಗಿಲ್ಲ. ಪೋಸ್ಟ್ ಬರೆದು ಪಬ್ಲಿಷ್ ಒತ್ತಿದಾಗ ಪುಟ ಅಂತ ಏನೂ ತಯಾರಾಗಲ್ಲ, ಬರಹ ಮೈಎಸ್‌ಕ್ಯೂಎಲ್ ಡೇಟಾಬೇಸಲ್ಲಿ ಹೋಗಿ ಕೂರತ್ತೆ ಅಷ್ಟೇ. ಯಾರಾದ್ರೂ ಓದೋಕೆ ಬಂದಾಗ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರೋ ಪ್ರೋಗ್ರಾಮಿಂಗ್ ಭಾಷೆ) ಎದ್ದು, ವರ್ಡ್‌ಪ್ರೆಸ್ ಕೋರ್ ಲೋಡ್ ಮಾಡಿ, ಆಕ್ಟಿವ್ ಇರೋ ಪ್ಲಗಿನ್ ಎಲ್ಲಾ ಲೋಡ್ ಮಾಡಿ (ಆ ಪುಟಕ್ಕೆ ಬೇಕೋ ಬೇಡ್ವೋ ಕೇಳಲ್ಲ), ಥೀಮ್ ಲೋಡ್ ಮಾಡಿ, ಡೇಟಾಬೇಸಿಗೆ ಹತ್ತಾರು ಸಲ ಪ್ರಶ್ನೆ ಕೇಳಿ, ಕೆಲವು ಭಾರೀ ಥೀಮುಗಳಲ್ಲಿ ನೂರು ದಾಟಿ ಕೇಳಿ, ಕೊನೆಗೆ ಎಚ್‌ಟಿಎಂಎಲ್ ಕಟ್ಟಿ ಕಳಿಸತ್ತೆ. ಆಮೇಲೆ ಎಲ್ಲಾ ಮರೆತುಬಿಡತ್ತೆ. ಎರಡು ಸೆಕೆಂಡ್ ಬಿಟ್ಟು ಇನ್ನೊಬ್ರು ಅದೇ ಪೋಸ್ಟ್ ಓದೋಕೆ ಬಂದ್ರೆ ಮತ್ತೆ ಮೊದಲಿಂದ.

ಲೆಕ್ಕ ಹಾಕಿ ನೋಡಿ. ಒಂದು ಪುಟ ಕಟ್ಟೋಕೆ ಅರ್ಧ ಸೆಕೆಂಡ್ ಸಿಪಿಯು ಬೇಕು, ನಿಮ್ಮ ಪ್ಲಾನಲ್ಲಿ ಕೊಟ್ಟಿರೋದು ಒಂದು ಸಿಪಿಯು ಕೋರ್ ಅಂತಿಟ್ಕೊಂಡ್ರೆ ಸೆಕೆಂಡಿಗೆ 2 ಪುಟಕ್ಕಿಂತ ಜಾಸ್ತಿ ಕಟ್ಟೋಕಾಗಲ್ಲ. ನಿಮ್ಮ ಲೇಖನದ ಲಿಂಕು ಯಾವುದೋ ವಾಟ್ಸಾಪ್ ಗ್ರೂಪಲ್ಲಿ ಓಡಿ ಸೆಕೆಂಡಿಗೆ 10 ಜನ ಬಂದ್ರೆ ಪ್ರತಿ ಸೆಕೆಂಡೂ 8 ಜನ ಸಾಲಲ್ಲಿ ಉಳೀತಾರೆ, ಪ್ರೋಸೆಸ್ ಮಿತಿ 20 ಇದ್ರೆ ಮೂರು ಸೆಕೆಂಡೊಳಗೆ ತುಂಬಿ 508 ರಿಸೋರ್ಸ್ ಲಿಮಿಟ್ ಅಂತ ಎರರ್ ಬರತ್ತೆ. ಅಪರೂಪಕ್ಕೆ ಒಂದು ಪೋಸ್ಟ್ ಚೆನ್ನಾಗಿ ಓಡಿದ ದಿನಾನೇ ಸೈಟು ಮಲಗೋದು ಇದಕ್ಕೇ. ಸಿಪ್ಯಾನೆಲ್ (ಹೋಸ್ಟಿಂಗ್ ಕಂಪನಿ ಕೊಡೋ ಕಂಟ್ರೋಲ್ ಪುಟ) ಒಳಗೆ ರಿಸೋರ್ಸ್ ಯೂಸೇಜ್ ಅಂತ ಒಂದು ಐಕಾನ್ ಇರತ್ತೆ, ಅದರಲ್ಲಿ ಗ್ರಾಫ್ ನೋಡಿದ್ರೆ ಯಾವತ್ತು ಯಾವ ಮಿತಿ ಮುಟ್ಟಿದ್ದೀರಿ ಅಂತ ಸ್ಪಷ್ಟವಾಗಿ ಕಾಣತ್ತೆ, ಫಾಲ್ಟ್ಸ್ ಅನ್ನೋ ಕಾಲಮ್ಮಲ್ಲಿ ಸೊನ್ನೆ ಬಿಟ್ಟು ಏನೇ ಇದ್ರೂ ಸೈಟು ಉಸಿರು ಕಟ್ಕೊಂಡು ಓಡ್ತಿದೆ ಅಂತ ಅರ್ಥ.

ಹಾಗಾಗಿ ಏನನ್ನೂ ಮುಟ್ಟೋ ಮೊದಲು ಅಳೀರಿ. ಕಂಪ್ಯೂಟರಲ್ಲಿ ಕ್ರೋಮಿನ ಇನ್‌ಕಾಗ್ನಿಟೋ ವಿಂಡೋ ತೆಗೆದು (ಲಾಗಿನ್ ಆಗಿರೋ ವಿಂಡೋದಲ್ಲಿ ಬೇಡ, ಯಾಕೆ ಅಂತ ಮುಂದೆ ಬರತ್ತೆ) ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬಿಗೆ ಹೋಗಿ ನಿಮ್ಮ ಯಾವುದಾದ್ರೂ ಪೋಸ್ಟ್ ತೆಗೀರಿ, ಲಿಸ್ಟಲ್ಲಿ ಮೊದಲನೇ ಸಾಲು ಆ ಪುಟದ್ದೇ ಇರತ್ತೆ, ಅದರ ಮೇಲೆ ಕ್ಲಿಕ್ ಮಾಡಿ ಟೈಮಿಂಗ್ ನೋಡಿದ್ರೆ ಹಸಿರು ಪಟ್ಟಿ ಒಂದಿದೆ, ವೇಟಿಂಗ್ ಫಾರ್ ಸರ್ವರ್ ರೆಸ್ಪಾನ್ಸ್ ಅಂತ. ಸರ್ವರ್ ಯೋಚನೆ ಮಾಡ್ಕೊಂಡು ಕೂತ ಹೊತ್ತು ಅದು. ಅದಕ್ಕೆ ಕನೆಕ್ಷನ್ ಆಗೋ ಹೊತ್ತೂ ಸೇರಿದ್ರೆ ಟಿಟಿಎಫ್‌ಬಿ, ಅಂದ್ರೆ ಮೊದಲ ಬೈಟ್ ಬರೋ ತನಕದ ಸಮಯ. ಗೂಗಲ್ ಹೇಳೋ ಪ್ರಕಾರ 800 ಮಿಲಿಸೆಕೆಂಡ್ ಒಳಗಿದ್ರೆ ಪರವಾಗಿಲ್ಲ. ಬೆಳಗ್ಗೆ ಒಂದ್ಸಲ, ರಾತ್ರಿ ಒಂಬತ್ತರ ಹೊತ್ತಿಗೆ ಒಂದ್ಸಲ ನೋಡಿ, ಎರಡರಲ್ಲಿ ಅಜಗಜಾಂತರ ಇದ್ರೆ ಅದೇ ಸರ್ವರಲ್ಲಿರೋ ಬೇರೆ ಸೈಟುಗಳ ಭಾರಾನೂ ನಿಮ್ಮ ಮೇಲೆ ಬೀಳ್ತಿರಬಹುದು.

ಆ ಸಂಖ್ಯೆ ಕೆಟ್ಟದಾಗಿ ಬಂದ್ರೆ ಸರ್ವರ್ ಯಾವ ದೇಶದಲ್ಲಿದೆ ಅಂತಾನೂ ನೋಡ್ಬೇಕು. ಫೈಬರ್ ಒಳಗೆ ಬೆಳಕು ಹೋಗೋದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿಂದ ಅಮೆರಿಕಾದ ಪಶ್ಚಿಮ ಕರಾವಳಿಗೆ ಹತ್ತಿರಹತ್ತಿರ 14 ಸಾವಿರ ಕಿಲೋಮೀಟರ್, ಹೋಗಿ ಬರೋಕೆ 140 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್ ಸುತ್ತಿ ಬಳಸಿ ಹೋಗೋದ್ರಿಂದ ನಿಜವಾಗಿ 200 ದಾಟತ್ತೆ. ಹೊಸ ಕನೆಕ್ಷನ್ ಆದ್ರೆ ಟಿಸಿಪಿಗೆ (ಎರಡೂ ಕಡೆ ಸಂಪರ್ಕ ಕಟ್ಕೊಳೋಕೆ) ಒಂದು ಸುತ್ತು, ಎಚ್‌ಟಿಟಿಪಿಎಸ್ ಬೀಗಕ್ಕೆ ಇನ್ನೊಂದು, ಪುಟ ಕೇಳೋಕೆ ಮತ್ತೊಂದು, ಅಲ್ಲಿಗೆ ಸರ್ವರ್ ಎಷ್ಟೇ ಚುರುಕಾಗಿದ್ರೂ ಅರ್ಧ ಸೆಕೆಂಡಿಗಿಂತ ಜಾಸ್ತಿ ದಾರೀಲೇ ಹೋಯ್ತು. ಮುಂಬೈನಲ್ಲಿ ಸರ್ವರ್ ಇದ್ರೆ ಒಂದು ಸುತ್ತಿಗೆ 30 ಮಿಲಿಸೆಕೆಂಡ್ ಆಸುಪಾಸು. ಓದುಗರು ಹುಬ್ಬಳ್ಳಿ, ಮೈಸೂರು, ಬೆಂಗಳೂರಲ್ಲಿದ್ದಾಗ ಸರ್ವರ್ ಟೆಕ್ಸಾಸಲ್ಲಿ ಇಟ್ಕೊಳೋದು ಯಾಕೆ, ಎಷ್ಟೋ ಕಂಪನಿಗಳು ಸೈನ್‌ಅಪ್ ಮಾಡೋವಾಗ ಡೇಟಾಸೆಂಟರ್ ಆರಿಸ್ಕೊಳೋಕೆ ಬಿಡ್ತಾರೆ, ಕಣ್ಣಿಗೆ ಬೀಳದಿರೋ ಜಾಗದಲ್ಲಿ ಆ ಡ್ರಾಪ್‌ಡೌನ್ ಇರತ್ತೆ ಅಷ್ಟೇ. ಕೆಲವರು ಆಮೇಲೂ ಕೇಳಿದ್ರೆ ಬದಲಾಯಿಸಿ ಕೊಡ್ತಾರೆ. ಓದುಗರು ಹೆಚ್ಚಿನವರು ಅಮೆರಿಕಾ ಕನ್ನಡಿಗರೇ ಆಗಿದ್ರೆ ಈ ಮಾತು ತಿರುಗುಮುರುಗು.

ಈಗ ಮುಖ್ಯ ವಿಷಯ, ಪೇಜ್ ಕ್ಯಾಶ್. ಮಿಕ್ಕಿದ್ದೆಲ್ಲಾ ಬಿಟ್ಟು ಇದೊಂದನ್ನ ಸರಿಯಾಗಿ ಮಾಡಿದ್ರೂ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗೀತು ಅಂತ ನನ್ನ ಲೆಕ್ಕ. ಮೊದಲ ಓದುಗನಿಗೆ ಕಟ್ಟಿದ ಎಚ್‌ಟಿಎಂಎಲ್‌ನ ಒಂದು ಫೈಲಾಗಿ ಎತ್ತಿಟ್ಟು, ಮುಂದೆ ಬರೋರಿಗೆಲ್ಲಾ ಆ ಫೈಲನ್ನೇ ಕೊಡೋದು. ಪಿಎಚ್‌ಪಿ ಏಳಲ್ಲ, ಡೇಟಾಬೇಸ್ ಮುಟ್ಟಲ್ಲ, ಸರ್ವರ್‌ಗೆ ಒಂದು ಫೈಲ್ ಕೊಡೋದು ಏನೂ ಅಲ್ಲದ ಕೆಲಸ. ಮೇಲಿನ ಲೆಕ್ಕದಲ್ಲಿ ಸೆಕೆಂಡಿಗೆ 2 ಪುಟಕ್ಕೆ ಸುಸ್ತಾಗ್ತಿದ್ದ ಅಕೌಂಟು ಆಗ ನೂರು ಜನ ಬಂದ್ರೂ ತಡ್ಕೊಳತ್ತೆ. ಬ್ಲಾಗಿಗೆ ಇದು ಹೇಳಿ ಮಾಡಿಸಿದ ಉಪಾಯ, ಒಂದು ಪೋಸ್ಟ್ ಹಾಕಿದ ಮೇಲೆ ಅದರಲ್ಲಿ ಬದಲಾಗೋದು ಹೊಸ ಕಾಮೆಂಟ್ ಬಂದಾಗ ಮಾತ್ರ, ಕಾಮೆಂಟ್ ಬಂದ್ರೆ ಪ್ಲಗಿನ್ ತಾನೇ ಆ ಪುಟದ ಹಳೇ ಕಾಪಿ ಬಿಸಾಕತ್ತೆ.

ಯಾವ ಪ್ಲಗಿನ್ ಅನ್ನೋದು ನಿಮ್ಮ ಸರ್ವರಲ್ಲಿ ಪುಟ ಕಳಿಸೋ ಸಾಫ್ಟ್‌ವೇರ್ ಯಾವುದು (ಲೈಟ್‌ಸ್ಪೀಡಾ, ಅಪಾಚೆನಾ) ಅಂತ ನೋಡ್ಕೊಂಡು ತೀರ್ಮಾನ ಮಾಡ್ಬೇಕು. ಹೋಸ್ಟಿಂಗ್ ಕಂಪನಿ ಲೈಟ್‌ಸ್ಪೀಡ್ ಸರ್ವರ್ ಓಡಿಸ್ತಿದ್ರೆ ಲೈಟ್‌ಸ್ಪೀಡ್ ಕ್ಯಾಶ್ ಹಾಕಿ, ಫ್ರೀ, ಕ್ಯಾಶ್ ಕೆಲಸ ಸರ್ವರ್ ಮಟ್ಟದಲ್ಲೇ ನಡೆಯತ್ತೆ. ಅಪಾಚೆ ಆದ್ರೆ ಡಬ್ಲ್ಯೂಪಿ ಸೂಪರ್ ಕ್ಯಾಶ್ ಸಾಕು, ಅದೂ ಫ್ರೀ, ಅದರ ಎಕ್ಸ್‌ಪರ್ಟ್ ಮೋಡ್ ಆನ್ ಮಾಡಿದ್ರೆ ಪಿಎಚ್‌ಪಿ ಹತ್ರ ಹೋಗದೇನೇ ಫೈಲ್ ಹೋಗತ್ತೆ. ದುಡ್ಡು ಕೊಡೋರಿಗೆ ಡಬ್ಲ್ಯೂಪಿ ರಾಕೆಟ್ ಇದೆ. ಯಾವುದೇ ಇರಲಿ, ಒಂದೇ ಒಂದು ಹಾಕಿ. ಎರಡು ಕ್ಯಾಶ್ ಪ್ಲಗಿನ್ ಒಟ್ಟಿಗೆ ಇದ್ರೆ ಒಂದು ಅಳಿಸಿದ ಪುಟವನ್ನ ಇನ್ನೊಂದು ಇಟ್ಕೊಂಡಿರತ್ತೆ, ನೀವು ತಿದ್ದಿದ ತಪ್ಪು ಓದುಗರಿಗೆ ಮೂರು ದಿನ ಆದ್ರೂ ಹಾಗೇ ಕಾಣ್ತಿರತ್ತೆ.

ಹಾಕಿದ್ರೆ ಆಯ್ತಾ, ಕೆಲಸ ಮಾಡ್ತಿದ್ಯಾ ಅಂತ ನೋಡ್ಬೇಕಲ್ಲ. ಅದೇ ನೆಟ್‌ವರ್ಕ್ ಟ್ಯಾಬಲ್ಲಿ ಮೊದಲ ಸಾಲಿನ ಹೆಡರ್ಸ್ ತೆಗೀರಿ. ಲೈಟ್‌ಸ್ಪೀಡ್ ಆದ್ರೆ ಎಕ್ಸ್-ಲೈಟ್‌ಸ್ಪೀಡ್-ಕ್ಯಾಶ್ ಅಂತ ಒಂದು ಸಾಲು, ಅದರ ಮುಂದೆ ಮೊದಲ ಸಲ ಮಿಸ್, ರಿಫ್ರೆಶ್ ಮಾಡಿದ ಮೇಲೆ ಹಿಟ್ ಅಂತ ಬರ್ಬೇಕು. ಹಿಟ್ ಬಂದಾಗ ಆ ಹಸಿರು ಪಟ್ಟಿ ತಟ್ ಅಂತ ಕುಗ್ಗಿರತ್ತೆ, ಒಂದು ಸೆಕೆಂಡ್ ಇದ್ದದ್ದು ನೂರು ಮಿಲಿಸೆಕೆಂಡ್ ಸುತ್ತಮುತ್ತ ಬಂದಿರೋದು ಸಾಮಾನ್ಯ. ಲಾಗಿನ್ ಆಗಿರೋರಿಗೆ ಮಾಮೂಲಿಯಾಗಿ ಕ್ಯಾಶ್ ಪುಟ ಕೊಡಲ್ಲ, ಅವರಿಗೆ ಮೇಲ್ಗಡೆ ಅಡ್ಮಿನ್ ಪಟ್ಟಿ ಬೇರೆ ಇರತ್ತಲ್ಲ, ಅದಕ್ಕೇ ಇನ್‌ಕಾಗ್ನಿಟೋದಲ್ಲಿ ನೋಡಿ ಅಂದಿದ್ದು. ಪ್ಲಗಿನ್ ಹಾಕಿದ್ರೂ ಏನೂ ಫರಕ್ಕಿಲ್ಲ ಅನ್ನೋರು ಎಷ್ಟೋ ಜನ ಲಾಗಿನ್ ಆಗಿ ನೋಡ್ತಿರ್ತಾರೆ.

ಹಿಟ್ ಬರ್ತಿದ್ರೂ ನಿಜವಾದ ಓದುಗರಿಗೆ ಸಿಗದೇ ಇರೋ ಒಂದು ಸಂದರ್ಭ ಇದೆ, ಇದನ್ನ ಗಮನಿಸೋರು ಕಡಿಮೆ. ಫೇಸ್‌ಬುಕ್ಕಿಂದ ಯಾರಾದ್ರೂ ನಿಮ್ಮ ಲಿಂಕ್ ಒತ್ತಿ ಬಂದ್ರೆ ವಿಳಾಸದ ಕೊನೇಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಎಫ್‌ಬಿಕ್ಲಿಡ್ ಅಂತ ಉದ್ದದ ಬಾಲ ಅಂಟ್ಕೊಂಡಿರತ್ತೆ, ಒಂದೊಂದು ಕ್ಲಿಕ್ಕಿಗೂ ಬಾಲ ಬೇರೆ ಬೇರೆ. ಕ್ಯಾಶ್ ಕಣ್ಣಿಗೆ ಅದೆಲ್ಲಾ ಬೇರೆ ಬೇರೆ ಪುಟ! ಅಂದ್ರೆ ಪೋಸ್ಟ್ ಫೇಸ್‌ಬುಕ್ಕಲ್ಲಿ ಓಡ್ತಿರೋ ಹೊತ್ತಲ್ಲೇ ಪ್ರತಿಯೊಬ್ಬರಿಗೂ ಪಿಎಚ್‌ಪಿ ಎದ್ದು ಹೊಸದಾಗಿ ಪುಟ ಕಟ್ತಾ ಇರತ್ತೆ. ಲೈಟ್‌ಸ್ಪೀಡ್ ಕ್ಯಾಶಲ್ಲಿ ಡ್ರಾಪ್ ಕ್ವೆರಿ ಸ್ಟ್ರಿಂಗ್ ಅಂತ ಸೆಟ್ಟಿಂಗ್ ಇದೆ, ಅಲ್ಲಿ ಎಫ್‌ಬಿಕ್ಲಿಡ್, ಜಿಕ್ಲಿಡ್, ಯುಟಿಎಂ ಅನ್ನೋ ಬಾಲಗಳೆಲ್ಲಾ ಇದ್ಯಾ ನೋಡ್ಕೊಳಿ, ಬೇರೆ ಪ್ಲಗಿನ್ ಆದ್ರೆ ಅಂಥದ್ದೇ ಸೆಟ್ಟಿಂಗ್ ಹುಡುಕಿ, ಆಮೇಲೆ ನಿಮ್ಮ ಪೋಸ್ಟ್ ವಿಳಾಸಕ್ಕೆ ನೀವೇ ಒಂದು ಸುಳ್ಳು ಬಾಲ ಅಂಟಿಸಿ ಹಿಟ್ ಬರತ್ತಾ ಪರೀಕ್ಷೆ ಮಾಡಿ. ಇದರ ಜೊತೆಗೆ, ಸೈಡ್‌ಬಾರಲ್ಲಿ ಇಷ್ಟು ಜನ ಭೇಟಿ ಕೊಟ್ಟಿದ್ದಾರೆ ಅಂತ ತೋರಿಸೋ ಕೌಂಟರ್ ಪ್ಲಗಿನ್ ಇದ್ರೆ ತೆಗೆದುಹಾಕಿ ಪುಣ್ಯ ಕಟ್ಕೊಳಿ. ಅಂಥವು ಒಬ್ಬೊಬ್ಬರು ಬಂದಾಗ್ಲೂ ಡೇಟಾಬೇಸಿಗೆ ಬರೀತವೆ, ಕ್ಯಾಶ್ ಮಾಡಿದ್ದೆಲ್ಲಾ ನೀರಲ್ಲಿ ಹೋಮ.

ಪಿಎಚ್‌ಪಿ ವರ್ಷನ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. 2015ರ ಕೊನೇಲಿ 7.0 ಬಂದಾಗ ಹಳೇ 5.6ಕ್ಕಿಂತ ಸುಮಾರು ಎರಡು ಪಟ್ಟು ವೇಗ ಸಿಕ್ತು, 2020ರಲ್ಲಿ 8.0 ಬಂತು, ಆಮೇಲೂ ಸುಧಾರಿಸ್ತಾ ಬಂದಿದೆ, ಆದ್ರೂ ಹಳೇ ಅಕೌಂಟುಗಳು ಯಾರೂ ಮುಟ್ಟದೆ 7ರಲ್ಲೇ ನಿಂತಿರ್ತವೆ. ಬ್ಯಾಕಪ್ ತಗೊಂಡು, ಸಿಪ್ಯಾನೆಲ್‌ನ ಸೆಲೆಕ್ಟ್ ಪಿಎಚ್‌ಪಿ ವರ್ಷನ್‌ಗೆ ಹೋಗಿ 8ರ ಯಾವುದಾದ್ರೂ ಇತ್ತೀಚಿನ ವರ್ಷನ್ ಆರಿಸಿ, ಅಲ್ಲೇ ಎಕ್ಸ್‌ಟೆನ್ಷನ್ ಪಟ್ಟೀಲಿ ಒಪಿಕ್ಯಾಶ್‌ಗೆ (ಪಿಎಚ್‌ಪಿ ಕೋಡನ್ನ ಸಿದ್ಧ ಮಾಡಿ ಮೆಮೊರೀಲಿ ಇಟ್ಕೊಳೋದು) ಟಿಕ್ ಇದ್ಯಾ ನೋಡಿ. ಸೈಟು ಬಿಳಿಯಾದ್ರೆ ಯಾವುದೋ ಹಳೇ ಪ್ಲಗಿನ್ ಕೈಕೊಟ್ಟಿದೆ, ವರ್ಷನ್ ವಾಪಸ್ ಹಾಕಿ ಆ ಪ್ಲಗಿನ್ ಹುಡುಕಿ.

ಓದುಗರೇ ಇಲ್ಲದ ಹೊತ್ತಲ್ಲೂ ಗ್ರಾಫ್ ಮೇಲೇ ಇದ್ರೆ ಹಿಂದ್ಗಡೆ ಯಾರೋ ಕೆಲಸ ಮಾಡಿಸ್ತಿದ್ದಾರೆ ಅಂತ. ಮೊದಲ ಅನುಮಾನ ಬಾಟ್‌ಗಳ (ತಾವಾಗೇ ಸೈಟಿಗೆ ಬರೋ ಪ್ರೋಗ್ರಾಮುಗಳ) ಮೇಲೆ. ಸಿಪ್ಯಾನೆಲಲ್ಲಿ ರಾ ಆಕ್ಸೆಸ್ ಅಂತ ಲಾಗ್ ಸಿಗತ್ತೆ, ಇಳಿಸ್ಕೊಂಡು ನೋಟ್‌ಪ್ಯಾಡಲ್ಲಿ ತೆಗೆದ್ರೆ ಸಾಲು ಸಾಲಾಗಿ ಡಬ್ಲ್ಯೂಪಿ-ಲಾಗಿನ್, ಎಕ್ಸ್‌ಎಂಎಲ್‌ಆರ್‌ಪಿಸಿ (ಹೊರಗಿನ ಆಪ್‌ಗಳು ವರ್ಡ್‌ಪ್ರೆಸ್ ಜೊತೆ ಮಾತಾಡೋ ಫೈಲು) ಅನ್ನೋ ಹೆಸರು ಕಾಣಬಹುದು, ಪಾಸ್‌ವರ್ಡ್ ಊಹೆ ಮಾಡೋಕೆ ಬರೋ ಸ್ಕ್ರಿಪ್ಟುಗಳವು, ಯಾವ ಸೈಟನ್ನೂ ಬಿಡಲ್ಲ. ಇವುಗಳಿಗೆ ಕ್ಯಾಶ್ ಅನ್ವಯ ಆಗಲ್ಲ, ಪ್ರತಿ ಪ್ರಯತ್ನಕ್ಕೂ ಪಿಎಚ್‌ಪಿ ಓಡ್ಲೇಬೇಕು. ಮೊಬೈಲ್ ಆಪಿಂದ ಪೋಸ್ಟ್ ಮಾಡದೇ ಇದ್ರೆ, ಜೆಟ್‌ಪ್ಯಾಕ್ ಪ್ಲಗಿನ್ ಇಲ್ಲದೇ ಇದ್ರೆ ಎಕ್ಸ್‌ಎಂಎಲ್‌ಆರ್‌ಪಿಸಿ ಫೈಲನ್ನ ಎಚ್‌ಟಿಆಕ್ಸೆಸ್‌ನಲ್ಲೇ (ಸರ್ವರ್ ಸೆಟ್ಟಿಂಗ್ ಫೈಲು) ಬ್ಲಾಕ್ ಮಾಡಿಬಿಡಿ, ಪ್ಲಗಿನ್ ಮೂಲಕ ಬ್ಲಾಕ್ ಮಾಡಿದ್ರೆ ಆ ಪ್ಲಗಿನ್ ಲೋಡ್ ಆಗೋಕೇ ವರ್ಡ್‌ಪ್ರೆಸ್ ಏಳ್ಬೇಕಾಗತ್ತೆ, ಪ್ರಯೋಜನ ಅರ್ಧ ಆಯ್ತು. ಎಸ್‌ಇಒ ಕಂಪನಿಗಳ ಬಾಟು, ಎಐಗೆ ಬರಹ ಎತ್ಕೊಂಡು ಹೋಗೋ ಬಾಟು ಕೂಡ ಹಳೇ ಆರ್ಕೈವ್ ಪುಟಗಳನ್ನೆಲ್ಲಾ ಒಂದೊಂದಾಗಿ ತಡಕ್ತಾ ಇರ್ತವೆ, ಮರ್ಯಾದಸ್ಥ ಬಾಟುಗಳು ರೋಬೋಟ್ಸ್ ಫೈಲಲ್ಲಿ ಬೇಡ ಅಂದ್ರೆ ಕೇಳ್ತವೆ.

ಇನ್ನೊಂದು ಡಬ್ಲ್ಯೂಪಿ-ಕ್ರಾನ್. ಶೆಡ್ಯೂಲ್ ಮಾಡಿದ ಪೋಸ್ಟ್ ಹಾಕೋದು, ಅಪ್‌ಡೇಟ್ ಇದ್ಯಾ ನೋಡೋದು, ಬ್ಯಾಕಪ್ ಶುರು ಮಾಡೋದು ಇಂಥವನ್ನೆಲ್ಲಾ ವರ್ಡ್‌ಪ್ರೆಸ್ ಯಾರಾದ್ರೂ ಸೈಟಿಗೆ ಬಂದಾಗ ಆ ನೆಪದಲ್ಲಿ ಮಾಡತ್ತೆ, ತನ್ನದೇ ಗಡಿಯಾರ ಅದಕ್ಕಿಲ್ಲ. ಡಬ್ಲ್ಯೂಪಿ-ಕಾನ್ಫಿಗ್ ಫೈಲಲ್ಲಿ ಒಂದು ಸಾಲು ಹಾಕಿ ಇದನ್ನ ಆಫ್ ಮಾಡಿ, ಸಿಪ್ಯಾನೆಲ್‌ನ ಕ್ರಾನ್ ಜಾಬ್ಸಲ್ಲಿ ಅರ್ಧ ಗಂಟೆಗೊಂದ್ಸಲ ಓಡೋ ಹಂಗೆ ಇಡಬಹುದು. ಸರಿಯಾಗಿ ಗಂಟೆ ಹೊಡೆಯೋ ನಿಮಿಷಕ್ಕೆ ಇಡಬೇಡಿ, ಆ ಸರ್ವರಲ್ಲಿರೋ ಅರ್ಧ ಜನ ಅದೇ ನಿಮಿಷಕ್ಕೆ ಇಟ್ಟಿರ್ತಾರೆ, 7 ಮತ್ತೆ 37 ಅಂತ ಏನಾದ್ರೂ ಹಾಕಿ.

ಡೇಟಾಬೇಸ್ ಕ್ಲೀನಿಂಗ್ ಅನ್ನೋದಕ್ಕೆ ಅದರ ಯೋಗ್ಯತೆಗಿಂತ ಜಾಸ್ತಿ ಪ್ರಚಾರ ಸಿಕ್ಕಿದೆ. ಪೋಸ್ಟಿನ ಹಳೇ ರಿವಿಷನ್ (ತಿದ್ದೋ ಮುಂಚಿನ ಕಾಪಿ) ಸಾವಿರ ಇದ್ರೂ ಪುಟ ಓದೋವಾಗ ಅವನ್ನ ಯಾರೂ ಕೇಳಲ್ಲ, ಜಾಗ ತಿಂತವೆ ಅಷ್ಟೇ. ತೊಂದರೆ ಕೊಡೋದು ಆಪ್ಷನ್ಸ್ ಟೇಬಲಲ್ಲಿರೋ ಆಟೋಲೋಡ್ ಡೇಟಾ, ಅದನ್ನ ಪ್ರತಿ ಸಲ ಪುಟ ಕಟ್ಟೋವಾಗ್ಲೂ ಪೂರ್ತಿ ಎತ್ಕೊಳತ್ತೆ, ನೀವು ಎರಡು ವರ್ಷದ ಹಿಂದೆ ಡಿಲೀಟ್ ಮಾಡಿದ ಪ್ಲಗಿನ್ನಿನ ಸಾಮಾನೂ ಅಲ್ಲೇ ಬಿದ್ದಿರತ್ತೆ. 2024ರಲ್ಲಿ ಬಂದ ವರ್ಡ್‌ಪ್ರೆಸ್ 6.6ರಿಂದ ಟೂಲ್ಸ್ ಒಳಗಿರೋ ಸೈಟ್ ಹೆಲ್ತ್ ಪುಟವೇ ಇದು 800 ಕೆಬಿ ದಾಟಿದ್ರೆ ಎಚ್ಚರಿಸತ್ತೆ. ಪ್ಲಗಿನ್ ಎಷ್ಟಿರ್ಬೇಕು ಅಂತ ಕೇಳೋರಿಗೂ ಇದೇ ಉತ್ತರ, ಸಂಖ್ಯೆ ಮುಖ್ಯ ಅಲ್ಲ, ಕ್ವೆರಿ ಮಾನಿಟರ್ ಅನ್ನೋ ಪ್ಲಗಿನ್ ಒಂದು ದಿನಕ್ಕೆ ಹಾಕಿ ಯಾವುದು ಎಷ್ಟು ಹೊತ್ತು ತಿಂತಿದೆ ನೋಡಿ, ನೋಡಿ ಆದ್ಮೇಲೆ ಅದನ್ನೂ ತೆಗೀರಿ.

ಸರ್ವರ್ ಕಡೆ ಇಷ್ಟು. ಇನ್ನು ಬ್ರೌಸರ್ ಕಡೆ ಬಂದ್ರೆ ಮೊದಲು ಫೋಟೋ. ಫೋನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ, 5 ಎಂಬಿ ಫೋಟೋನ ಹಾಗೇ ಅಪ್‌ಲೋಡ್ ಮಾಡಿದ್ರೆ ವರ್ಡ್‌ಪ್ರೆಸ್ ಅದನ್ನ 2560ಕ್ಕೆ ಇಳಿಸಿದ ಒಂದು ಕಾಪಿ, ಆಮೇಲೆ 2048, 1536, 1024, 768, 300, 150 ಅಂತ ಆರು ಸೈಜು ಮಾಡಿ ಮೂಲವನ್ನೂ ಇಟ್ಕೊಳತ್ತೆ, ಒಂದು ಫೋಟೋಗೆ ಎಂಟು ಫೈಲು, ಥೀಮ್ ತನ್ನದು ಬೇರೆ ಸೇರಿಸತ್ತೆ. ಶೇರ್ಡ್ ಹೋಸ್ಟಿಂಗಲ್ಲಿ ಐನೋಡ್ ಅಂತ ಫೈಲುಗಳ ಸಂಖ್ಯೆಗೂ ಮಿತಿ ಇರೋದ್ರಿಂದ ಇದು ಎರಡು ಕಡೆ ಹೊಡೆತ. ಬ್ಲಾಗಿನ ಕಾಲಮ್ ಅಗಲ 700-800 ಪಿಕ್ಸೆಲ್ ಇರತ್ತೆ, 1200ಕ್ಕೆ ಇಳಿಸಿ ವೆಬ್‌ಪಿ (ಕಡಿಮೆ ಜಾಗ ಹಿಡಿಯೋ ಫೋಟೋ ಫಾರ್ಮ್ಯಾಟ್) ಮಾಡಿ ಹಾಕಿದ್ರೆ ಧಾರಾಳ ಆಯ್ತು, 2021ರ 5.8ರಿಂದ ವರ್ಡ್‌ಪ್ರೆಸ್ ವೆಬ್‌ಪಿ ತಗೊಳತ್ತೆ. ಈ ಕೆಲಸ ನಿಮ್ಮ ಕಂಪ್ಯೂಟರಲ್ಲೇ ಮಾಡಿ, ಗೂಗಲ್‌ನವರ ಸ್ಕ್ವೂಶ್ ಬ್ರೌಸರಲ್ಲೇ ಮಾಡಿಕೊಡತ್ತೆ. ಸರ್ವರಲ್ಲೇ ಫೋಟೋ ಕುಗ್ಗಿಸೋ ಪ್ಲಗಿನ್ ಹಾಕಿದ್ರೆ ಉಳಿಸ್ಬೇಕು ಅಂದ್ಕೊಂಡ ಸಿಪಿಯುವನ್ನೇ ಅದು ತಿನ್ನತ್ತೆ. ಲೇಜಿ ಲೋಡ್ (ಓದುಗ ಫೋಟೋ ಹತ್ರ ಬಂದಾಗ ಮಾತ್ರ ಅದನ್ನ ಇಳಿಸೋದು) 2020ರಿಂದ ವರ್ಡ್‌ಪ್ರೆಸಲ್ಲೇ ಇದೆ, ಅದಕ್ಕೊಂದು ಪ್ಲಗಿನ್ ಬೇಡ. ಪುಟದ ಮೇಲ್ಗಡೆ ಕಾಣೋ ಮೊದಲ ಫೋಟೋ ಮಾತ್ರ ಲೇಜಿ ಆಗಬಾರ್ದು, ಗೂಗಲ್ ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣೋಕೆ ಹಿಡಿಯೋ ಸಮಯ) ಅಂತ ಅಳೆಯೋದು, 2.5 ಸೆಕೆಂಡ್ ಒಳಗೆ ಬರ್ಬೇಕು ಅನ್ನೋದು ಹೆಚ್ಚಾಗಿ ಆ ಫೋಟೋನೇ.

ಕನ್ನಡ ಬ್ಲಾಗಿಗೆ ಅಂತಾನೇ ಇರೋ ವಿಷಯ ಫಾಂಟು. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಸಂಕೇತಕ್ಕೂ ಯುಟಿಎಫ್-8ನಲ್ಲಿ 3 ಬೈಟ್, ‘ರಾಷ್ಟ್ರ’ ಅನ್ನೋ ಪದಕ್ಕೆ ಒತ್ತು, ದೀರ್ಘ ಎಲ್ಲಾ ಸೇರಿ 7 ಸಂಕೇತ, 21 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್, ಹಾಗಾಗಿ ಕನ್ನಡ ಪುಟ ಭಾರ ಅಂತ ಹೆದರೋರಿದ್ದಾರೆ. ಹೆದರ್ಬೇಕಾಗಿಲ್ಲ, ಆ ಮೂರರಲ್ಲಿ ಮೊದಲ ಬೈಟ್ ಯಾವಾಗ್ಲೂ ಒಂದೇ, ಎರಡನೇದು ಎರಡೇ ಥರ, ಅದಕ್ಕೇ ಜಿಜಿಪ್ ಅಥವಾ ಬ್ರೋಟ್ಲಿ ಕಂಪ್ರೆಷನ್ ಆನ್ ಇದ್ರೆ ಚೆನ್ನಾಗಿ ಕುಗ್ಗತ್ತೆ. ಆನ್ ಇಲ್ಲಾಂದ್ರೆ ಮಾತ್ರ ಬೇರೆಯವರಿಗಿಂತ ನಮಗೆ ನಷ್ಟ ಜಾಸ್ತಿ, ಹೆಡರ್ಸಲ್ಲಿ ಕಂಟೆಂಟ್-ಎನ್‌ಕೋಡಿಂಗ್ ಸಾಲು ಇದ್ಯಾ ನೋಡ್ಕೊಳಿ. ಭಾರ ಇರೋದು ಫಾಂಟ್ ಫೈಲಲ್ಲಿ, ಒತ್ತಕ್ಷರ, ಗುಣಿತ ಎಲ್ಲದಕ್ಕೂ ಬೇರೆ ಬೇರೆ ಆಕಾರ, ಅವು ಕೂಡೋ ನಿಯಮ ಎಲ್ಲಾ ಒಳಗೆ ತುಂಬ್ಕೊಂಡಿರತ್ತೆ. ಹೆಡಿಂಗಿಗೆ ಬಾಲೂ ತಮ್ಮ, ಒಳಗಿನ ಬರಹಕ್ಕೆ ನೋಟೋ ಸೆರಿಫ್, ಜೊತೆಗೆ ಇಂಗ್ಲಿಷಿಗೆ ಥೀಮಿನವರು ಹಾಕಿರೋ ಎರಡು, ಓದೋಕೆ ಮುಂಚೆ ಇಷ್ಟೆಲ್ಲಾ ಇಳೀಬೇಕು, ಮತ್ತೆ ಫಾಂಟ್ ಬಂದ ಮೇಲೆ ಸಾಲುಗಳು ಎಗರಿ ಓದ್ತಿದ್ದ ಜಾಗ ತಪ್ಪತ್ತೆ. ನನ್ನ ಕೇಳಿದ್ರೆ ಒಳಗಿನ ಬರಹಕ್ಕೆ ಯಾವ ವೆಬ್‌ಫಾಂಟೂ ಬೇಡ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ನೋಟೋ ಕನ್ನಡ ಇದ್ದೇ ಇರತ್ತೆ, ವಿಂಡೋಸಲ್ಲಿ ನಿರ್ಮಲಾ ಯುಐ ಇದೆ, ಆಪಲ್‌ನಲ್ಲಿ ಕನ್ನಡ ಸಂಗಮ್. ಬೇಕೇ ಬೇಕು ಅಂದ್ರೆ ಹೆಡಿಂಗಿಗೆ ಒಂದು ಇಟ್ಕೊಳಿ.

ಕ್ಲೌಡ್‌ಫ್ಲೇರ್ (ಸೈಟಿಗೂ ಓದುಗರಿಗೂ ನಡುವೆ ನಿಂತು ಫೈಲ್ ಹಂಚೋ ಸೇವೆ) ಫ್ರೀ ಪ್ಲಾನ್ ಹಾಕಿದ್ರೆ ಎಲ್ಲಾ ಸರಿಹೋಗತ್ತೆ ಅನ್ನೋ ನಂಬಿಕೆ ಒಂದಿದೆ. ಅವರಿಗೆ ಬೆಂಗಳೂರು, ಚೆನ್ನೈ, ಮುಂಬೈನಲ್ಲೆಲ್ಲಾ ಸರ್ವರ್ ಇದೆ ನಿಜ, ಬಾಟ್ ತಡೆಯೋಕೂ ಒಳ್ಳೇದೇ, ಆದ್ರೆ ಸುಮ್ನೆ ಆನ್ ಮಾಡಿದ್ರೆ ಅದು ಫೋಟೋ, ಸಿಎಸ್‌ಎಸ್, ಸ್ಕ್ರಿಪ್ಟುಗಳನ್ನ ಮಾತ್ರ ಇಟ್ಕೊಳತ್ತೆ, ಪುಟದ ಎಚ್‌ಟಿಎಂಎಲ್ ಪ್ರತಿ ಸಲ ನಿಮ್ಮ ಹಳೇ ಸರ್ವರ್ ಹತ್ರ ಹೋಗೇ ತರತ್ತೆ. ಹೆಡರಲ್ಲಿ ಸಿಎಫ್-ಕ್ಯಾಶ್-ಸ್ಟೇಟಸ್ ಮುಂದೆ ಡೈನಾಮಿಕ್ ಅಂತಿದ್ರೆ ಅದೇ ಅರ್ಥ. ಕ್ಯಾಶ್ ರೂಲ್ ಬರೆದು ಎಚ್‌ಟಿಎಂಎಲ್ ಕೂಡ ಇಟ್ಕೊಳೋ ಹಂಗೆ ಮಾಡಬಹುದು, ಆಗ ಲಾಗಿನ್ ಆದವರನ್ನ, ಅಡ್ಮಿನ್ ಪುಟಗಳನ್ನ ರೂಲಿಂದ ಹೊರಗಿಡದಿದ್ರೆ ನಿಮ್ಮ ಅಡ್ಮಿನ್ ಪಟ್ಟಿ ಇರೋ ಪುಟ ಊರಿಗೆಲ್ಲಾ ಹೋಗತ್ತೆ, ಹುಷಾರು. ಮತ್ತೆ ಹಳೇ ಪೋಸ್ಟ್ ತಿದ್ದಿದಾಗ ಅಲ್ಲಿಯ ಕಾಪಿ ಅಳಿಸೋ ವ್ಯವಸ್ಥೆನೂ ಬೇಕು.

ಅಂಕ ನೋಡೋ ಚಟ ಬೇಡ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಮೊಬೈಲಿಗೆ ಕೊಡೋ ಅಂಕ ಒಂದು ಸಾಧಾರಣ ಫೋನು, ನಿಧಾನದ ನೆಟ್‌ವರ್ಕ್ ಅಂತ ಊಹೆ ಮಾಡ್ಕೊಂಡು ಕೊಟ್ಟಿದ್ದು, ಒಂದು ಆಡ್‌ಸೆನ್ಸ್ (ಗೂಗಲ್ ಜಾಹೀರಾತು) ಕೋಡ್ ಇದ್ರೇನೇ ಧಡಕ್ಕಂತ ಇಳಿಯತ್ತೆ. ಅದೇ ಪುಟದ ಮೇಲ್ಗಡೆ ನಿಜವಾದ ಕ್ರೋಮ್ ಬಳಕೆದಾರರ ಹಿಂದಿನ 28 ದಿನದ ಡೇಟಾ ಇದ್ರೆ ಅದನ್ನ ನಂಬಿ, ಸಣ್ಣ ಬ್ಲಾಗಿಗೆ ಅದು ಬರದೇ ಇರೋದೂ ಉಂಟು. ಬೇರೆ ಟೆಸ್ಟ್ ಸೈಟ್ ಬಳಸಿದ್ರೆ ಟೆಸ್ಟ್ ಯಾವ ಊರಿಂದ ಓಡ್ತು ಅಂತ ನೋಡಿ, ಮುಂಬೈ ಸರ್ವರನ್ನ ಅಮೆರಿಕಾದಿಂದ ಅಳೆದು ಬೇಜಾರಾಗೋದ್ರಲ್ಲಿ ಅರ್ಥ ಇಲ್ಲ.

ಇಷ್ಟೆಲ್ಲಾ ಮಾಡಿದ್ರೂ ಕ್ಯಾಶ್ ಹಿಟ್ ಇರೋ ಪುಟಾನೇ ತಡವಾಗಿ ಬರ್ತಿದ್ರೆ ತೊಂದರೆ ನಿಮ್ಮ ಕಡೆ ಇಲ್ಲ, ಸರ್ವರಲ್ಲಿ ಜನ ಜಾಸ್ತಿ ತುಂಬಿಸಿದ್ದಾರೆ, ಬೇರೆ ಕಡೆ ನೋಡಿ. ಬ್ಲಾಗಿನ ಜೊತೆ ಪುಸ್ತಕ ಮಾರೋ ಅಂಗಡಿ ಶುರು ಮಾಡಿದ್ರೂ ಅಷ್ಟೇ, ವೂಕಾಮರ್ಸ್‌ನ ಕಾರ್ಟು, ಚೆಕ್‌ಔಟು ಒಬ್ಬೊಬ್ಬರಿಗೆ ಒಂದೊಂದು ಥರ ಇರೋದ್ರಿಂದ ಕ್ಯಾಶ್ ಮಾಡೋಕಾಗಲ್ಲ, ಆಗ ವಿಪಿಎಸ್ (ನಿಮ್ಮ ಪಾಲಿನ ಸಿಪಿಯು, ಮೆಮೊರಿ ಬೇರೆಯಾಗಿ ಸಿಗೋ ಸರ್ವರ್) ಅಥವಾ ಮ್ಯಾನೇಜ್ಡ್ (ಸರ್ವರನ್ನ ಕಂಪನಿಯವರೇ ನೋಡ್ಕೊಳೋ) ಹೋಸ್ಟಿಂಗಿಗೆ ಹೋಗೋದು ಸರಿ, ವಿಪಿಎಸ್ ಆದ್ರೆ ಸರ್ವರ್ ಅಪ್‌ಡೇಟು, ಸೆಕ್ಯುರಿಟಿ ಎಲ್ಲಾ ನಿಮ್ಮ ತಲೆ ಮೇಲೆ. ಬರೀ ಬರಹದ ಬ್ಲಾಗಾದ್ರೆ ಅಷ್ಟು ದೂರ ಹೋಗ್ಬೇಕಾಗಿಲ್ಲ, ಇನ್ನೊಂದು ಶೇರ್ಡ್ ಪ್ಲಾನೇ ಸಾಕು. ದುಡ್ಡು ಕಟ್ಟೋ ಮುಂಚೆ ಅವರ ಚಾಟಲ್ಲಿ ಸರ್ವರ್ ಯಾವ ಊರಲ್ಲಿದೆ, ಲೈಟ್‌ಸ್ಪೀಡಾ ಅಪಾಚೆನಾ, ಎಂಟ್ರಿ ಪ್ರೋಸೆಸ್ ಮಿತಿ (ಒಂದೇ ಸಲಕ್ಕೆ ಓಡೋ ಪ್ರೋಸೆಸ್) ಎಷ್ಟು, ಸಿಪಿಯು ಎಷ್ಟು ಕೋರ್, ಐನೋಡ್ ಎಷ್ಟು ಅಂತ ಕೇಳಿ, ಮತ್ತೆ ಎರಡನೇ ವರ್ಷದ ರಿನೀವಲ್ ರೇಟ್ ಎಷ್ಟು ಅಂತಾನೂ ಕೇಳಿ, ಮೊದಲ ವರ್ಷದ ಆಫರ್ ರೇಟಿಗೂ ಅದಕ್ಕೂ ಎರಡು ಮೂರು ಪಟ್ಟು ವ್ಯತ್ಯಾಸ ಇರೋದು ಮಾಮೂಲು.